ಶಾಲೆಯಲ್ಲಿ ಆ ಟ್ಯಾಬ್ ಬ್ಯಾಗಿನಿಂದ ಹೊರಗೆ ಬರಲಿ

ಮಾತು ಬರದ ಮಕ್ಕಳ ಅಪ್ಪ-ಅಮ್ಮ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಮಿಸ್, ಇವತ್ತು ಟ್ಯಾಬ್ ಬಳಸಿದ್ನಾ?’ ‘ಹೂಂ, ನೀರು ಕೇಳಿದ, ಟಾಯ್ಲೆಟ್ ಕೇಳಿದ’ ಅಂತ ಮಿಸ್ ಹೇಳುತ್ತಾರೆ. ಎಲ್ಲರಿಗೂ ಸಮಾಧಾನ. ಚಿತ್ರ ಒತ್ತಿದರೆ ಆ ಪದವನ್ನು ಗಟ್ಟಿಯಾಗಿ ಹೇಳುವ ಆ್ಯಪ್ ಇರುವ ಟ್ಯಾಬ್ ಅದು, ಮಗುವಿನ ಮಾತು ಅದರಿಂದಲೇ. ನಾನು ವಾಕ್-ಭಾಷಾ ಚಿಕಿತ್ಸಕಿ, ಇಂಥ ಮಕ್ಕಳ ಜೊತೆಯೇ ನನ್ನ ಕೆಲಸ. ಆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಅಂತ ಪೋಷಕರಿಗೆ ಹೇಳುತ್ತಿರುತ್ತೇನೆ. ‘ಮಿಸ್, ಇವತ್ತು ನೀವು ಅದರಲ್ಲಿ ಅವನ ಜೊತೆ ಮಾತಾಡಿದ್ರಾ?’ ಅಂತ ಕೇಳಿ.

ಯಾಕೆ ಅಂದರೆ, ಸಾಮಾನ್ಯವಾಗಿ ಮಗು ಮೊದಲ ಪದ ಆಡುವುದು ಒಂದು ವರ್ಷದ ಹೊತ್ತಿಗೆ. ಅಲ್ಲಿಯವರೆಗೆ ಮನೆಯವರೆಲ್ಲ ಅದರ ಕಿವಿಗೆ ಮಾತು ಸುರಿಯುತ್ತಲೇ ಇರುತ್ತಾರೆ. ಉತ್ತರ ಕೊಡು ಅಂತ ಯಾರೂ ಹಟ ಮಾಡುವುದಿಲ್ಲ. ಚಿತ್ರ ಒತ್ತಿ ಮಾತಾಡಬೇಕಾದ ಮಗುವಿಗೆ ಈ ಅವಕಾಶವೇ ಸಿಗುವುದಿಲ್ಲ. ಎಲ್ಲರೂ ಅದರ ಜೊತೆ ಬಾಯಲ್ಲಿ ಮಾತಾಡುತ್ತಾರೆ, ನೀನು ಮಾತ್ರ ಟ್ಯಾಬ್‌ನಲ್ಲಿ ಹೇಳು ಅನ್ನುತ್ತಾರೆ. ಯಾರೂ ಆಡಿ ತೋರಿಸದ ಭಾಷೆಯನ್ನು ಅದು ಎಲ್ಲಿಂದ ಕಲಿಯಬೇಕು?

ಹಾಗಾಗಿ ದೊಡ್ಡವರೇ ಮಾತಾಡುತ್ತಾ ಮಾತಾಡುತ್ತಾ ಟ್ಯಾಬ್ ಮೇಲಿನ ಪದ ಒತ್ತಬೇಕು. ಥೆರಪಿಯವರು ಇದಕ್ಕೆ ಮಾಡೆಲಿಂಗ್ ಅನ್ನುತ್ತೇವೆ. ಇಡೀ ವಾಕ್ಯ ಒತ್ತಬೇಕಿಲ್ಲ. ‘ಬೆಲ್ ಆಯ್ತು, ಡಬ್ಬಿ ತೆಗಿ’ ಅನ್ನುವಾಗ ‘ತೆಗಿ’ ಒತ್ತಿದರೆ ಸಾಕು. ‘ಅಯ್ಯೋ, ಮಳೆ ನಿಲ್ತಾನೇ ಇಲ್ಲ’ ಅನ್ನುವಾಗ ‘ಮಳೆ’. ಒತ್ತಿದ ಮೇಲೆ ‘ಈಗ ನೀನು ಹೇಳು’ ಅನ್ನಬಾರದು. ಸುಮ್ನೆ ಮುಂದೆ ಹೋಗಬೇಕು. ತಿಂಗಳುಗಟ್ಟಲೆ ಮಗು ನೋಡುತ್ತಲೇ ಇದ್ದರೂ ಗಾಬರಿ ಬೇಡ.

ಶಾಲೆಗಳಲ್ಲಿ ಆಗುವುದು ಇದರ ತದ್ವಿರುದ್ಧ. ಟ್ಯಾಬ್ ಹೊರಗೆ ಬಂದರೆ ಪರೀಕ್ಷೆ ಶುರು. ‘ಆ್ಯಪಲ್ ಎಲ್ಲಿದೆ ತೋರಿಸು? ಕೆಂಪು ಯಾವುದು?’ ಅದು ಆ್ಯಪಲ್ ಅಂತ ಕೇಳುವವರಿಗೇ ಗೊತ್ತಿದೆ, ಮಗುವಿಗೂ ಗೊತ್ತಿದೆ. ಇದು ಮಾತುಕತೆ ಅಲ್ಲ, ತಪಾಸಣೆ. ದಿನವಿಡೀ ತಪಾಸಣೆ ಮಾಡಿಸಿಕೊಂಡ ಮಗು ಟ್ಯಾಬ್ ಕಂಡರೆ ಮುಖ ತಿರುಗಿಸಿದರೆ ಅದರ ತಪ್ಪಲ್ಲ.

ಇನ್ನು ಟ್ಯಾಬ್‌ನಲ್ಲಿ ಇರುವ ಪದಗಳ ವಿಷಯ. ಹೆಚ್ಚಿನ ಕಡೆ ಬರೀ ಹೆಸರುಗಳೇ ಇರುತ್ತವೆ: ಹಣ್ಣು, ಪ್ರಾಣಿ, ತಿಂಡಿ, ಬಣ್ಣ. ಇಂಗ್ಲಿಷ್ ಮಾತುಕತೆಯನ್ನು ಎಣಿಸಿ ನೋಡಿದವರು ಹೇಳುವಂತೆ, ದಿನದ ಮಾತಿನಲ್ಲಿ ಶೇಕಡಾ 80ರಷ್ಟು ಕೆಲವೇ ನೂರು ಪದಗಳಲ್ಲಿ ಮುಗಿಯುತ್ತದೆ. ಅವೆಲ್ಲ ಜಾಸ್ತಿ ಸಣ್ಣ ಸಣ್ಣ ಪದಗಳು. ನಮ್ಮಲ್ಲೂ ಅಷ್ಟೇ: ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗು, ಯಾರು, ಯಾಕೆ, ನಂದು, ಆಮೇಲೆ. ‘ಆನೆ’ ಒತ್ತಿ ಎಷ್ಟು ಮಾತಾಡಬಹುದು? ‘ಬೇಡ’ ಇದ್ದರೆ ಇಡೀ ದಿನ ನಡೆಯುತ್ತದೆ. ಚೆನ್ನೈನಲ್ಲಿ ತಯಾರಾದ ಅವಾಜ್ ಆ್ಯಪ್‌ನಲ್ಲಿ ಕನ್ನಡವೂ ಇದೆ. ಐಐಟಿ ಬಾಂಬೆಯಲ್ಲಿ ರೂಪುಗೊಂಡ ಜೆಲ್ಲೋ ಉಚಿತ. ಯಾವುದೇ ಆ್ಯಪ್ ಇರಲಿ, ಅಜ್ಜಿಯ ಜೊತೆ ಆಡುವ ಭಾಷೆ ಅದರಲ್ಲಿ ಇರಬೇಕು. ಶಾಲೆ ಇಂಗ್ಲಿಷ್ ಮೀಡಿಯಂ ಅಂತ ಮಗುವಿನ ಮನೆಮಾತನ್ನು ಅಳಿಸಿಬಿಡಬೇಡಿ.

ಅಜ್ಜಿ ಅಂದಾಗ ನೆನಪಾಯಿತು. ‘ಇದನ್ನು ಕೊಟ್ಟರೆ ಇರೋ ಮಾತೂ ನಿಂತುಹೋಗುತ್ತೆ, ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು’ ಅನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಭಯ ಸಹಜವೇ. ಆದರೆ ಅದಕ್ಕೆ ಆಧಾರ ಸಿಕ್ಕಿಲ್ಲ. 2006ರಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಅನ್ನುವ ಸಂಶೋಧಕರು ಮಾತಿಗೆ ಬದಲಿ ವಿಧಾನ ಬಳಸಿದವರ ಬಗೆಗಿನ ಹಿಂದಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಬಾಯಿಮಾತು ಕಡಿಮೆ ಆಗಿರಲಿಲ್ಲ. ಹೆಚ್ಚಿನವರಿಗೆ ಸ್ವಲ್ಪ ಜಾಸ್ತಿಯೇ ಆಗಿತ್ತು. ಹಾಗಂತ ಟ್ಯಾಬ್ ಕೊಟ್ಟರೆ ಬಾಯಿಮಾತು ಬಂದೇ ಬರುತ್ತದೆ ಅಂತಲೂ ನಾನು ಹೇಳುವುದಿಲ್ಲ. ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಕಾಯುವ ಅಷ್ಟೂ ವರ್ಷ ಮಗು ಏನೂ ಹೇಳದೇ ಇರಬೇಕಾ ಅನ್ನುವುದಷ್ಟೇ ನನ್ನ ತಕರಾರು.

ಒಂದು ಎಚ್ಚರಿಕೆ. ಮಗುವಿನ ಕೈ ಹಿಡಿದು ಅಕ್ಷರ ಒತ್ತಿಸಿ ‘ನೋಡಿ, ಎಷ್ಟು ಚೆನ್ನಾಗಿ ಬರೆದ’ ಅಂತ ತೋರಿಸುವವರು ಇದ್ದಾರೆ. ಈ ರೀತಿ ಬಂದ ಮಾತು ಕೈ ಹಿಡಿದವರದ್ದೇ ಹೊರತು ಮಗುವಿನದಲ್ಲ ಅಂತ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಅಮೆರಿಕದ ವಾಕ್-ಭಾಷೆ-ಶ್ರವಣ ಸಂಘ 2018ರಲ್ಲಿ ಇದನ್ನು ಬಳಸಬೇಡಿ ಅಂತ ನೇರವಾಗಿಯೇ ಹೇಳಿತು. ನೀವು ಒತ್ತಿ ತೋರಿಸಿ, ಆದರೆ ನಿಮ್ಮ ಬೆರಳಿನಿಂದ. ಮಗುವಿನ ಬೆರಳು ಅದರದ್ದಾಗಿರಲಿ.

ಕ್ಲಾಸಿನಲ್ಲಿ ನಲವತ್ತು ಮಕ್ಕಳಿರುವ ಟೀಚರ್‌ಗೆ ಇದೆಲ್ಲ ಆಗುತ್ತಾ ಅಂತ ನೀವು ಕೇಳಬಹುದು. ಎಲ್ಲ ಪೀರಿಯಡ್‌ನಲ್ಲೂ ಆಗಲ್ಲ. ಹಾಜರಿ, ಊಟ, ಆಟ, ಈ ಮೂರು ಹೊತ್ತು ಆರಿಸಿಕೊಳ್ಳಿ ಅನ್ನುತ್ತೇನೆ. ಇನ್ನು ಶ್ಯಾಡೋ ಟೀಚರ್, ಅಂದರೆ ಆ ಒಂದು ಮಗುವಿನ ಜೊತೆಗೇ ಇದ್ದು ನೆರವಾಗುವವರು, ಇದ್ದರೆ ಒಂದು ತೊಂದರೆ: ಮಗು ಅವರ ಜೊತೆ ಮಾತ್ರ ಮಾತಾಡುತ್ತದೆ. ಪಕ್ಕದ ಬೆಂಚಿನ ಮಕ್ಕಳಿಗೆ ಟ್ಯಾಬ್ ತೋರಿಸಿ. ದೊಡ್ಡವರಿಗಿಂತ ಬೇಗ ಅವರೇ ಕಲಿಯುತ್ತಾರೆ, ಅದರಲ್ಲಿ ತಮಾಷೆಯನ್ನೂ ಹುಡುಕುತ್ತಾರೆ.

ಸಣ್ಣ ಸಂಗತಿಗಳೂ ಇವೆ. ಮಾತಿನ ಟ್ಯಾಬ್‌ನಲ್ಲಿ ಯೂಟ್ಯೂಬ್ ಬೇಡ. ಆ್ಯಂಡ್ರಾಯ್ಡ್‌ನಲ್ಲಿ ಮಗು ಬೇರೆ ಆ್ಯಪ್‌ಗೆ ಹೋಗದಂತೆ ಆ್ಯಪ್ ಪಿನ್ ಮಾಡಬಹುದು, ಐಪ್ಯಾಡ್‌ನಲ್ಲಿ ಅದಕ್ಕೇ ಗೈಡೆಡ್ ಆ್ಯಕ್ಸೆಸ್ ಇದೆ. ರಾತ್ರಿ ಚಾರ್ಜ್ ಹಾಕಿ. ಅದೇ ಪುಟಗಳ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿ ಬ್ಯಾಗಿನಲ್ಲಿಡಿ, ಆಟದ ಮೈದಾನಕ್ಕೂ ಅದು ಹೋಗಲಿ.

ಶಾಲೆ ‘ಗ್ಯಾಜೆಟ್ ನಿಷೇಧ’ ಅಂದರೆ ಜಗಳಕ್ಕೆ ಮೊದಲು ಕಾಗದ ತೋರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಸರ್ಕಾರದ ಹಣ ಅಥವಾ ಮಾನ್ಯತೆ ಇರುವ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು. ಮಾತಿಗೆ ಬದಲಿ ವಿಧಾನಗಳನ್ನು ಪ್ರೋತ್ಸಾಹಿಸಬೇಕು ಅಂತ 17ನೇ ಸೆಕ್ಷನ್ ಹೇಳುತ್ತದೆ. ಥೆರಪಿಸ್ಟ್ ಕೊಟ್ಟ ಪತ್ರವನ್ನೂ ಜೊತೆಗಿಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮೌಲ್ಯಮಾಪನ ಮಾಡಿಸಿದ್ದರೆ ಆ ವರದಿಗೆ ತೂಕ ಜಾಸ್ತಿ.

ಟ್ಯಾಬ್ ನಿಜವಾಗಿ ಬಳಕೆಗೆ ಬಂದ ಮೇಲೆ ದೂರುಗಳು ಶುರುವಾಗುತ್ತವೆ. ಪಾಠದ ಮಧ್ಯೆ ‘ಬೋರ್, ಬೋರ್’ ಅಂತ ಒತ್ತುತ್ತಾನೆ, ಪ್ರಾರ್ಥನೆಯಲ್ಲಿ ‘ಪಿಜ್ಜಾ’ ಅನ್ನುತ್ತಾನೆ. ಆಗ ಟ್ಯಾಬ್ ಕಿತ್ತು ಬೀರುವಿನಲ್ಲಿಡುವುದು ಸುಲಭದ ದಾರಿ. ಬೇರೆ ಮಗು ಗಲಾಟೆ ಮಾಡಿದರೆ ‘ಶ್, ಆಮೇಲೆ’ ಅನ್ನುತ್ತೇವೆ, ಬಾಯಿಗೆ ಬಟ್ಟೆ ಕಟ್ಟುವುದಿಲ್ಲ ಅಲ್ವಾ? ಇದಕ್ಕೂ ‘ಶ್, ಆಮೇಲೆ’ ಸಾಕು. ವಾಲ್ಯೂಮ್ ತಗ್ಗಿಸಿ, ಟ್ಯಾಬ್ ಮಗುವಿನ ಕೈಯಲ್ಲೇ ಇರಲಿ.

ಪೋಷಕರು ಮುಜುಗರದಿಂದ ಬಿಟ್ಟುಬಿಡುವ ಪದಗಳ ಬಗ್ಗೆಯೂ ಹೇಳಬೇಕು. ಮೈಯ ಎಲ್ಲ ಅಂಗಗಳ ಹೆಸರು, ಗುಪ್ತಾಂಗಗಳದ್ದೂ ಸೇರಿ. ‘ನೋವು’, ‘ಹೊಡೆದ್ರು’, ‘ಮುಟ್ಟಿದ್ರು’, ‘ನಿಲ್ಲಿಸು’, ‘ಭಯ’, ‘ಅಮ್ಮಂಗೆ ಹೇಳ್ತೀನಿ’. ಮಗುವಿನ ದಿನದಲ್ಲಿ ಬಂದುಹೋಗುವ ಎಲ್ಲರ ಫೋಟೋ, ಹೆಸರು: ಮಿಸ್, ಆಯಾ, ವ್ಯಾನ್ ಡ್ರೈವರ್, ಟ್ಯೂಷನ್ ಅಣ್ಣ. ಬಾಯಿ ಬಿಟ್ಟು ಹೇಳಲಾರದ ಮಗು ಅಂತ ಗೊತ್ತಿದ್ದೇ ಕೈ ಹಾಕುವವರು ಇರುತ್ತಾರೆ. ಈ ಪುಟಗಳನ್ನು ಮನೆಯಲ್ಲಿ ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ, ಮಂಡಿ ತರಚಿದಾಗ ಆಡಿ ತೋರಿಸುತ್ತಾ ಇರಿ. ತಿಂಗಳಿಗೊಮ್ಮೆ ಟ್ಯಾಬ್ ತೆರೆದು, ಶಾಲೆಯಲ್ಲಿ ಯಾರಾದರೂ ಅವನ್ನು ಮರೆಮಾಡಿದ್ದಾರಾ ಅಂತ ನೋಡಿ.