ಬಿಸಿಲ ನಾಡಿನಲ್ಲಿ ಬಾಕ್ಸ್‌ವುಡ್

ಬೆಚ್ಚನೆಯ ಪ್ರದೇಶದಲ್ಲಿ ಬಾಕ್ಸ್‌ವುಡ್ ಎಂಬ, ತೋಟದ ಅಂಚಿಗೂ ಬೇಲಿಗೂ ಬೆಳೆಸುವ ನಿತ್ಯಹಸಿರು ಪೊದೆಗಿಡವನ್ನು ನೆಟ್ಟವರಲ್ಲಿ ಅನೇಕರು ಕಾಣುವ ಸೋಲಿಗೆ ಒಂದು ವಿಶಿಷ್ಟ ಲಕ್ಷಣವಿದೆ. ಗಿಡ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ, ಆಮೇಲೆ ಕೆಲವೇ ವಾರಗಳಲ್ಲಿ ಒಂದು ಬದಿಯ ಕೊಂಬೆಗಳೆಲ್ಲ ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗುತ್ತವೆ. ಹಿಂದಿನ ವಾರದ ಬಿಸಿಲು ಹೆಚ್ಚಾಯಿತೆಂದೋ ನೀರು ಸಾಲದಾಯಿತೆಂದೋ ಮನೆಯವರು ಊಹಿಸುತ್ತಾರೆ. ನಿಜವಾದ ಹಾನಿ ನಡೆದಿರುವುದು ಅದಕ್ಕೂ ಬಹಳ ಹಿಂದೆ, ಬಹುತೇಕ ಸಂದರ್ಭಗಳಲ್ಲಿ ಮಣ್ಣಿನೊಳಗೆ. ಈ ಗಿಡದ ಎಲೆಗಳು ದಪ್ಪ, ಅವುಗಳ ಮೇಲೆ ಮೇಣದ ಪದರವಿದೆ. ಬೇರು ಸತ್ತ ಸುದ್ದಿಯನ್ನು ಅವು ಬಹಳ ತಡವಾಗಿ ಹೊರಗೆ ತೋರಿಸುತ್ತವೆ. ಆದ್ದರಿಂದ ಎಲೆ ಬಾಡಿದಾಗ ಏನು ಮಾಡಬೇಕೆಂಬ ಪ್ರಶ್ನೆಗಿಂತ, ಎಲೆ ಇನ್ನೂ ಹೊಳೆಯುತ್ತಿರುವಾಗ ಬೇರಿನ ಸುತ್ತ ಏನು ನಡೆಯುತ್ತಿದೆ ಎಂಬುದನ್ನು ತಿಳಿಯುವುದೇ ಮುಖ್ಯ ಎಂದು ನನ್ನ ನಂಬಿಕೆ.

ಬಾಕ್ಸ್‌ವುಡ್ ಬಲು ಮಿತವ್ಯಯದ ಗಿಡ. ಹಲವು ತಳಿಗಳು ವರ್ಷಕ್ಕೆ 5ರಿಂದ 15 ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಹಳೆಯ ಉದ್ಯಾನಗಳಲ್ಲಿ ಅಂಚುಗಟ್ಟಲು ಬಳಸುತ್ತಿದ್ದ ‘ಸಫ್ರುಟಿಕೋಸಾ’ ಎಂಬ ಕುಬ್ಜ ತಳಿ ಎರಡು ಮೂರು ಸೆಂಟಿಮೀಟರನ್ನೂ ದಾಟುವುದು ಕಷ್ಟ. ಇಷ್ಟು ನಿಧಾನವಾಗಿ ಬೆಳೆಯುವುದರಿಂದಲೇ ಅದರ ಮರ ಒತ್ತಾಗಿ, ನುಣುಪಾಗಿ, ಹಸಿಯಾಗಿದ್ದಾಗ ನೀರಿನಲ್ಲಿ ಮುಳುಗುವಷ್ಟು ಭಾರವಾಗಿ ಇರುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಥಾಮಸ್ ಬೀವಿಕ್ ಪುಸ್ತಕಗಳ ಚಿತ್ರಗಳನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೊರೆದದ್ದು ಈ ಮರವನ್ನು ಅಡ್ಡಲಾಗಿ ಕೊಯ್ದ ಬಿಲ್ಲೆಗಳ ಮೇಲೆ. ಇಷ್ಟು ಕಡಿಮೆ ಬೆಳೆಯುವ ಗಿಡದ ಕೈಯಲ್ಲಿ ಉಳಿತಾಯವೂ ಕಡಿಮೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯಿಂದ ಬರುವ ಸಕ್ಕರೆ ಅದರ ಆದಾಯ. ಹಗಲಿರುಳೂ ನಡೆಯುವ ಉಸಿರಾಟ ಅದರ ಖರ್ಚು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸಸ್ಯಗಳ ಉಸಿರಾಟದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇತ್ತ ನಡುಹಗಲಿನ ಬಿಸಿಗೆ ಎಲೆಗಳು ನೀರು ಉಳಿಸಿಕೊಳ್ಳಲು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುವುದರಿಂದ ಆದಾಯ ತಗ್ಗುತ್ತದೆ. ಬೆಚ್ಚನೆಯ ನಾಡಿನಲ್ಲಿ ಗಿಡವನ್ನು ಬಳಲಿಸುವುದು ಹಗಲಿನ ಬಿಸಿಲೊಂದೇ ಅಲ್ಲ. ತಣಿಯದ ರಾತ್ರಿಗಳ ಪಾಲೂ ಅದರಲ್ಲಿ ಬಹಳಷ್ಟಿದೆ.

ಹಾಗೆಂದು ಇದನ್ನು ಚಳಿನಾಡಿನ ಗಿಡವೆಂದು ಕೈಬಿಡಬೇಕಾಗಿಲ್ಲ. ಬಾಕ್ಸ್‌ವುಡ್‌ಗಳೆಲ್ಲ ಸೇರುವ ಬಕ್ಸಸ್ ಕುಲದ ಪ್ರಭೇದಗಳು ಅತ್ಯಂತ ಹೆಚ್ಚು ಸಂಖ್ಯೆಯಲ್ಲಿ ಬೆಳೆಯುವ ನೆಲೆಗಳಲ್ಲಿ ಉಷ್ಣವಲಯದ ದ್ವೀಪವಾದ ಕ್ಯೂಬಾ ಒಂದು. ಅಲ್ಲಿ 30ಕ್ಕೂ ಹೆಚ್ಚು ಪ್ರಭೇದಗಳಿವೆ, ಅವುಗಳಲ್ಲಿ ಕೆಲವು ನಿಕ್ಕಲ್ ತುಂಬಿದ ಬರಡು ಮಣ್ಣಿನಲ್ಲಿ ನಿಂತು ಆ ಲೋಹವನ್ನೇ ಎಲೆಗಳಲ್ಲಿ ಕೂಡಿಟ್ಟುಕೊಳ್ಳುತ್ತವೆ. ತೊಂದರೆಯೇನೆಂದರೆ, ನರ್ಸರಿಗಳಲ್ಲಿ ಸಿಗುವುದು ಈ ದೊಡ್ಡ ಕುಟುಂಬದ ಬೆರಳೆಣಿಕೆಯ ಸದಸ್ಯರು ಮಾತ್ರ. ಯುರೋಪಿನ ಸಾಮಾನ್ಯ ಬಾಕ್ಸ್‌ವುಡ್ ಆದ ಬಕ್ಸಸ್ ಸೆಂಪರ್ವಿರೆನ್ಸ್ ತಂಪಾದ ಚಳಿಗಾಲವನ್ನೂ ಅದರೊಡನೆ ಬರುವ ವಿಶ್ರಾಂತಿಯನ್ನೂ ಬಯಸುತ್ತದೆ. ಬಿಸಿಯೂ ತೇವವೂ ಒಟ್ಟಿಗೆ ಬರುವಲ್ಲಿ ಅದು ಸೊರಗುತ್ತದೆ. ಪೂರ್ವ ಏಷ್ಯಾದ ಬಕ್ಸಸ್ ಮೈಕ್ರೋಫಿಲ್ಲಾ, ಅದರಲ್ಲೂ ಜಪಾನಿನ ಜಪೋನಿಕಾ ಎಂಬ ಬಗೆ, ಬಿಸಿಯನ್ನು ಹೆಚ್ಚು ತಾಳುತ್ತದೆ; ‘ಗ್ರೀನ್ ಬ್ಯೂಟಿ’ ಈ ಗುಂಪಿನ ಹೆಸರಾಂತ ತಳಿ. ದಕ್ಷಿಣ ಚೀನಾದ ಹೊಳೆದಂಡೆಗಳ ಬಕ್ಸಸ್ ಹಾರ್ಲ್ಯಾಂಡಿಯೈ ಉದ್ದನೆಯ ಕಿರಿದಾದ ಎಲೆಗಳ ಗಿಡ, ಬೋನ್ಸಾಯ್ ಬೆಳೆಸುವವರಿಗೆ ಚಿರಪರಿಚಿತ, ಸೆಕೆಗೂ ಹೊಂದಿಕೊಳ್ಳುವಂಥದ್ದು. ಚಿತ್ರಗಳಲ್ಲಿ ಕಂಡ ಯುರೋಪಿನ ಅರಮನೆ ತೋಟದ ಆಸೆಗೆ ಸೆಂಪರ್ವಿರೆನ್ಸ್ ತಂದು ನೆಟ್ಟು, ವರ್ಷಗಟ್ಟಲೆ ಅದನ್ನು ಉಳಿಸಲು ಹೆಣಗುವುದಕ್ಕಿಂತ ಮೊದಲ ದಿನವೇ ತಳಿಯ ಚೀಟಿಯನ್ನು ಓದಿ ಆರಿಸಿಕೊಳ್ಳುವುದು ಗಿಡಕ್ಕೂ ನಮಗೂ ಒಳ್ಳೆಯದು.

ಇನ್ನು ಮಣ್ಣಿನ ವಿಷಯ. ನನ್ನ ಮಟ್ಟಿಗೆ ಇಡೀ ಆರೈಕೆಯ ತಿರುಳಿರುವುದು ಇಲ್ಲಿಯೇ. ಬಾಕ್ಸ್‌ವುಡ್‌ನ ಬೇರುಗಳು ನವಿರು, ಅವುಗಳಲ್ಲಿ ಬಹುಪಾಲು ಮೇಲಿನ 30 ಸೆಂಟಿಮೀಟರ್ ಮಣ್ಣಿನಲ್ಲೇ ಹರಡಿರುತ್ತವೆ. ಬಿಸಿಲಿಗೆ ಬೇಗನೆ ಕಾಯುವುದೂ ಬೇಗನೆ ಒಣಗುವುದೂ ಇದೇ ಪದರ. ಬೇರುಗಳೂ ಉಸಿರಾಡುತ್ತವೆ, ಅದಕ್ಕೆ ಆಮ್ಲಜನಕ ಬೇಕು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಟ್ಟುಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆ ಮಿಲಿಗ್ರಾಮಿಗೆ ಇಳಿಯುತ್ತದೆ. ಅಂದರೆ ಮಣ್ಣು ಬಿಸಿಯಾದಂತೆಲ್ಲ ಬೇರಿನ ಬೇಡಿಕೆ ಏರುತ್ತದೆ, ಪೂರೈಕೆ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಬುಡದಲ್ಲಿ ನೀರು ನಿಂತರೆ ಗಾಳಿಯಿರಬೇಕಾದ ಸಂದುಗಳೆಲ್ಲ ತುಂಬಿ ಬೇರು ಉಸಿರುಕಟ್ಟುತ್ತದೆ. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ಕಾದು ಕುಳಿತಿರುವುದು ಈ ಸ್ಥಿತಿಗೇ. ಅದರ ಬೀಜಕಣಗಳು ಮಣ್ಣಿನ ನೀರಿನಲ್ಲಿ ಈಜಿಕೊಂಡು ಬಂದು ಬಳಲಿದ ಬೇರನ್ನು ಹಿಡಿಯುತ್ತವೆ. ಬೇರು ಕೊಳೆತ ಗಿಡ ನೀರೆತ್ತಲಾರದೆ ಬಾಡುತ್ತದೆ, ಅದನ್ನು ಬಾಯಾರಿಕೆಯೆಂದು ತಿಳಿದು ನಾವು ಇನ್ನಷ್ಟು ನೀರು ಸುರಿಯುತ್ತೇವೆ. ಬೆಚ್ಚನೆಯ ಪ್ರದೇಶಗಳಲ್ಲಿ ಈ ಒಂದು ತಪ್ಪು ತಿಳಿವಳಿಕೆ ತೆಗೆದುಕೊಂಡಷ್ಟು ಬಾಕ್ಸ್‌ವುಡ್‌ಗಳ ಜೀವವನ್ನು ಯಾವ ಕೀಟವೂ ತೆಗೆದಿರಲಾರದೆಂದು ನನಗೆ ತೋರುತ್ತದೆ.

ಆದ್ದರಿಂದ ನೆಡುವ ಮುನ್ನ ಒಂದು ಪರೀಕ್ಷೆ ಅಗತ್ಯ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಕಾಯಬೇಕು. ಎರಡನೆಯ ಸಲದ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ನೆಡಬಾರದು, ಅಥವಾ ಸುತ್ತಲಿನ ಮಣ್ಣನ್ನು ಏರಿಸಿ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಗುಂಡಿಯ ಅಗಲ ಬೇರುಮುದ್ದೆಯ ಎರಡು ಪಟ್ಟಿರಲಿ, ಆಳ ಮಾತ್ರ ಅದಕ್ಕಿಂತ ತುಸು ಕಡಿಮೆಯಿರಲಿ. ಬೇರುಮುದ್ದೆಯ ಮೇಲ್ಭಾಗ ನೆಲಮಟ್ಟಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ನಿಂತರೆ ಮಣ್ಣು ಕುಸಿದ ಬಳಿಕವೂ ಬುಡ ಹೂತುಹೋಗುವುದಿಲ್ಲ. ಕುಂಡದಲ್ಲಿ ಸುರುಳಿ ಸುತ್ತಿಕೊಂಡ ಬೇರುಗಳನ್ನು ಬಿಡಿಸಿ ಹರಡಬೇಕು. ಮಣ್ಣಿನ ರಸಸಾರ 6.5ರಿಂದ 7.2ರ ನಡುವೆ ಇದ್ದರೆ ಸೊಗಸು. ನೆಡಲು ತಕ್ಕ ಕಾಲ ಬಿಸಿಲು ಇಳಿದ ಮೇಲಿನದು, ಮುಂದಿನ ಬೇಸಿಗೆಯ ಹೊತ್ತಿಗೆ ಬೇರು ಸುತ್ತಲಿನ ನೆಲಕ್ಕೆ ಇಳಿದಿರಬೇಕು.

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಎಂಬುದು ಜಾಗದ ಆಯ್ಕೆಗೆ ಸಾಕಾದ ಸೂತ್ರ. ಪಶ್ಚಿಮಕ್ಕೆ ಮುಖಮಾಡಿದ ಬಿಳಿ ಗೋಡೆಯ ಮುಂದೆ, ಕಾಂಕ್ರೀಟು ಹಾಸಿನ ಪಕ್ಕದಲ್ಲಿ ನೆಟ್ಟ ಗಿಡಕ್ಕೆ ಬಿಸಿಲಿನ ಜೊತೆಗೆ ಗೋಡೆಯ ಪ್ರತಿಫಲನವೂ, ಸಂಜೆಯ ಮೇಲೆ ಕಾಂಕ್ರೀಟು ಉಗುಳುವ ಕಾವೂ ಸೇರುತ್ತವೆ. ಅದರ ರಾತ್ರಿ ತಣಿಯುವುದೇ ಇಲ್ಲ. ಕುಂಡದಲ್ಲಿ ಬೆಳೆಸುವವರು ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಬಿಟ್ಟು ತಿಳಿಬಣ್ಣದ ಅಥವಾ ಮಣ್ಣಿನ ದಪ್ಪ ಕುಂಡವನ್ನು ಆರಿಸಿಕೊಳ್ಳಬೇಕು, ಏಕೆಂದರೆ ಕುಂಡದ ಒಳಗೋಡೆಗೆ ಅಂಟಿದ ಬೇರುಗಳೇ ಮೊದಲು ಬೇಯುತ್ತವೆ.

ನೀರನ್ನು ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಂತೆ, ಬೆಳಗಿನ ಹೊತ್ತು, ಬುಡದ ಸುತ್ತಲಿನ ಮಣ್ಣಿಗೇ ಕೊಡಬೇಕು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನಲ್ಲಿ ಇಳಿಸಿ, ಅಲ್ಲಿ ತೇವವಿದ್ದರೆ ಆ ದಿನ ನೀರು ಬೇಡ. ತೊಗಟೆಚೂರು ಅಥವಾ ತರಗೆಲೆಯ ಹೊದಿಕೆಯನ್ನು 3ರಿಂದ 5 ಸೆಂಟಿಮೀಟರ್ ದಪ್ಪಕ್ಕೆ, ಕೊಂಬೆಗಳ ಹರವಿಗಿಂತ ತುಸು ಆಚೆಯವರೆಗೆ ಹಾಸಿದರೆ ಮೇಲ್ಮಣ್ಣು ತಂಪಾಗಿರುತ್ತದೆ. ಹೊದಿಕೆ ದಪ್ಪವಾದರೆ ಬೇರುಗಳು ಮಣ್ಣು ಬಿಟ್ಟು ಅದರೊಳಗೇ ಮೇಲೇರಿ ಬಂದು ಮೊದಲ ಬರಕ್ಕೆ ಒಣಗುತ್ತವೆ. ಕಾಂಡಕ್ಕೆ ತಾಗಿಸಿದರೆ ತೊಗಟೆ ಕೊಳೆಯುತ್ತದೆ. ಬುಡದ ಸುತ್ತ ಗುದ್ದಲಿ ಆಡಿಸಬಾರದು, ಕಳೆಯನ್ನು ಕೈಯಿಂದ ಕೀಳಬೇಕು. ಗೊಬ್ಬರದ ವಿಷಯದಲ್ಲಿ ಕೈ ಬಿಗಿಹಿಡಿಯುವುದೇ ಲೇಸು: ಸಾರಜನಕ ಹೆಚ್ಚಾದರೆ ಎಳೆಚಿಗುರು ಮುಗಿಬಿದ್ದು ಬರುತ್ತದೆ, ಅದು ಬಿಸಿಗೂ ಕೀಟಕ್ಕೂ ಸುಲಭದ ತುತ್ತು. ಹಳೆಯ ಎಲೆಗಳಲ್ಲಿ ತಲೆಕೆಳಗಾದ ಇಂಗ್ಲಿಷ್ ‘ವಿ’ ಆಕಾರದ ಹಸಿರು ಉಳಿದು ಅಂಚೆಲ್ಲ ಹಳದಿಯಾದರೆ ಮೆಗ್ನೀಸಿಯಂ ಕೊರತೆಯನ್ನು ಶಂಕಿಸಬಹುದು. ಮಣ್ಣು ಪರೀಕ್ಷಿಸಿಯೇ ಔಷಧ ಮಾಡಬೇಕು.

ಬಾಕ್ಸ್‌ವುಡ್ ಎಂದೊಡನೆ ನೆನಪಾಗುವುದು ಗುಂಡಗೆ, ಚೌಕಾಕಾರವಾಗಿ ಕತ್ತರಿಸಿದ ಪೊದೆಗಳು. ರೋಮನ್ನರ ಕಾಲದಿಂದಲೂ ಜನ ಇದನ್ನು ಹೀಗೆ ಕತ್ತರಿಸುತ್ತ ಬಂದಿದ್ದಾರೆ, ಗಿಡವೂ ಸಹಿಸಿಕೊಂಡಿದೆ. ಆದರೆ ಬೇಲಿ ಕತ್ತರಿಯಿಂದ ಹೊರಮೈಯನ್ನಷ್ಟೇ ಮತ್ತೆ ಮತ್ತೆ ಸವರಿದಾಗ ತುದಿಗಳಲ್ಲಿ ಚಿಗುರು ದಟ್ಟೈಸಿ ಒಂದು ಹಸಿರು ಚಿಪ್ಪು ಕಟ್ಟುತ್ತದೆ. ಒಳಗೆ ಬೆಳಕಿಲ್ಲದೆ ಎಲೆಗಳು ಉದುರಿ ಬರಿಯ ಕಡ್ಡಿಗಳಷ್ಟೇ ಉಳಿಯುತ್ತವೆ. ಆ ಕತ್ತಲೆಯಲ್ಲಿ ಗಾಳಿಯಾಡುವುದಿಲ್ಲ, ತೇವ ಆರುವುದಿಲ್ಲ, ಬಿದ್ದ ಎಲೆಗಳು ಅಲ್ಲಿಯೇ ಕೊಳೆಯುತ್ತವೆ. ಸೆಕೆಯ ನಾಡಿನಲ್ಲಿ ಇದಕ್ಕಿಂತ ದೊಡ್ಡ ಅಪಾಯವನ್ನು ನಾವೇ ಕೈಯಾರೆ ತಂದುಕೊಳ್ಳಲಾರೆವು. ಇದಕ್ಕೆ ಪರಿಹಾರವೆಂದರೆ ವರ್ಷಕ್ಕೊಮ್ಮೆ ಪೊದೆಯ ಅಲ್ಲಲ್ಲಿ ಕೈ ತೂರಿಸಿ, 15 ಸೆಂಟಿಮೀಟರಿನಷ್ಟು ಉದ್ದದ ಸಣ್ಣ ರೆಂಬೆಗಳನ್ನು ಕವಲಿನ ಬಳಿ ಕತ್ತರಿಸಿ ತೆಗೆದು, ಬೆಳಕು ಒಳಗಿಣುಕುವಷ್ಟು ಕಿಂಡಿಗಳನ್ನು ಮಾಡುವುದು. ಕೆಲವೇ ತಿಂಗಳಲ್ಲಿ ಒಳಗಡ್ಡಿಗಳ ಮೇಲೆ ಪುಟ್ಟ ಚಿಗುರುಗಳು ಮೂಡುವುದನ್ನು ಕಂಡರೆ ಯಾರಿಗಾದರೂ ಹಿಗ್ಗಾಗುತ್ತದೆ. ಸಾಲುಬೇಲಿಯಾದರೆ ಬುಡ ಅಗಲ, ತುದಿ ಕಿರಿದು ಇರಬೇಕು, ಆಗ ಕೆಳಗಿನ ಎಲೆಗಳಿಗೂ ಬಿಸಿಲು ಸಿಗುತ್ತದೆ. ಕಡುಬೇಸಿಗೆಯಲ್ಲಿ ಕತ್ತರಿ ಮುಟ್ಟಬಾರದು. ನೆರಳಿಗೆ ಒಗ್ಗಿದ ಒಳಎಲೆಗಳು ದಿಢೀರನೆ ಬಿಸಿಲಿಗೆ ಬಿದ್ದು ಸುಡುತ್ತವೆ.

ರೋಗಗಳಲ್ಲಿ ಎಲ್ಲರೂ ಅಂಜುವುದು ಕ್ಯಾಲೊನೆಕ್ಟ್ರಿಯಾ ಸೂಡೊನಾವಿಕ್ಯುಲೇಟಾ ಎಂಬ ಶಿಲೀಂಧ್ರ ತರುವ ಅಂಗಮಾರಿಗೆ. 1990ರ ದಶಕದ ನಡುವಿನಲ್ಲಿ ಬ್ರಿಟನ್ನಿನಲ್ಲಿ ಕಂಡ ಇದು 2011ರಲ್ಲಿ ಅಮೆರಿಕದಲ್ಲೂ ಪತ್ತೆಯಾಯಿತು. ಎಲೆಗಳ ಮೇಲೆ ಕಂದು ಚುಕ್ಕೆ, ಎಳೆಕಾಂಡದ ಮೇಲೆ ಕಪ್ಪು ಗೀರು, ಬಳಿಕ ಎಲೆ ಉದುರುವಿಕೆ ಇದರ ಲಕ್ಷಣಗಳು. ಬೆಚ್ಚನೆಯ ಪ್ರದೇಶದವರಿಗೆ ಇಲ್ಲೊಂದು ಸಮಾಧಾನವಿದೆ: ಈ ಶಿಲೀಂಧ್ರಕ್ಕೆ 25 ಡಿಗ್ರಿಯ ಆಸುಪಾಸು ಹಿತ, 30 ಡಿಗ್ರಿ ದಾಟಿದರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಆದರೆ ಮೋಡ ಕವಿದ ತಂಪು ಮಳೆಗಾಲದಲ್ಲಿ ಈ ರಕ್ಷಣೆಯಿಲ್ಲ. ಅದರ ಬೀಜಕಣಗಳು ಅಂಟಂಟಾಗಿರುವುದರಿಂದ ಕತ್ತರಿ, ಬಟ್ಟೆ, ಚಿಮ್ಮುವ ನೀರಿನ ಮೂಲಕ ಹರಡುತ್ತವೆ; ಒದ್ದೆ ಗಿಡವನ್ನು ಕತ್ತರಿಸದಿರುವುದು, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಮದ್ಯಸಾರದಲ್ಲಿ ಒರೆಸುವುದು, ಹೊಸ ಗಿಡವನ್ನು ಕೆಲವು ವಾರ ಬೇರೆಯಾಗಿಡುವುದು ದುಬಾರಿ ಸಿಂಪಡಣೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಪೂರ್ವ ಏಷ್ಯಾದಿಂದ ಹೊರಟು 2007ರಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡ ಬಾಕ್ಸ್ ಪತಂಗದ ಹಸಿರು ಹುಳುಗಳು ಎಲೆ, ತೊಗಟೆ ಎರಡನ್ನೂ ತಿಂದು, ಕಪ್ಪುಸಮುದ್ರದ ಪೂರ್ವದಂಡೆಯಲ್ಲಿ ಬಾಕ್ಸ್‌ವುಡ್‌ನ ಪುರಾತನ ಕಾಡುಗಳನ್ನೇ ಬೋಳಾಗಿಸಿವೆ. ಪೊದೆಯೊಳಗೆ ನೂಲಿನ ಬಲೆ ಕಂಡರೆ ಕೂಡಲೇ ಹುಳು ಆರಿಸಬೇಕು. ಮರಳುಮಣ್ಣಿನಲ್ಲಿ ಬೇರಿನ ಜಂತುಹುಳುಗಳ ಕಾಟವೂ ಉಂಟು. ಜಾನುವಾರು ಸಾಕುವವರಿಗೆ ಒಂದು ಎಚ್ಚರಿಕೆ: ಎಲೆಗಳಲ್ಲಿ ವಿಷಕಾರಿ ಆಲ್ಕಲಾಯ್ಡ್‌ಗಳಿವೆ, ಕತ್ತರಿಸಿದ ಸೊಪ್ಪನ್ನು ಅವುಗಳ ಮುಂದೆ ಎಸೆಯಬಾರದು.

ರೋಗವಿಲ್ಲದ ಗಿಡವನ್ನು ಕತ್ತರಿಸಿದಾಗ ಸಿಗುವ ಕಡ್ಡಿಗಳನ್ನು ಎಸೆಯದೆ ಸಸಿ ಮಾಡಿಕೊಳ್ಳಬಹುದು. ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ಎಂಟು ಹತ್ತು ಸೆಂಟಿಮೀಟರ್ ಉದ್ದದ ತುದಿಗಳನ್ನು ಆರಿಸಿ, ಕೆಳಗಿನ ಅರ್ಧದ ಎಲೆಗಳನ್ನು ಸವರಿ, ಮರಳು ಬೆರೆಸಿದ ಹಗುರ ಮಿಶ್ರಣದಲ್ಲಿ ಊರಿ, ನೆರಳಿನಲ್ಲಿ ತೇವ ಆರದಂತೆ ಕಾಯಬೇಕು. ಬೇರು ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ತಾಳ್ಮೆಗೆಟ್ಟು ಕಡ್ಡಿಯನ್ನು ಕಿತ್ತು ನೋಡಬಾರದು. ಮೆಲ್ಲನೆ ಎಳೆದಾಗ ಮಣ್ಣು ಅದನ್ನು ಬಿಗಿಹಿಡಿದಂತೆನಿಸಿದರೆ ಬೇರು ಇಳಿದಿದೆ ಎಂದು ತಿಳಿದು, ಪುಟ್ಟ ಕುಂಡಕ್ಕೆ ಬದಲಿಸಿ, ಒಂದು ಬೇಸಿಗೆಯನ್ನು ಪೂರ್ತಿಯಾಗಿ ನೆರಳಿನಲ್ಲೇ ಕಳೆಯಲು ಬಿಡಬೇಕು.