ಪದ ಪರಿಚಯ: ಕಾಯಂ ನಿವಾಸಿ

ಕಳೆದ ವಾರ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಒಂದು ಫ್ಲೆಕ್ಸ್ ಕಟ್ಟಿದ್ದರು: 'ಕೆನಡಾ ದೇಶದ ಖಾಯಂ ಪೌರತ್ವ ಪಡೆದ ನಮ್ಮೂರ ಹೆಮ್ಮೆಯ ಮಗನಿಗೆ ಹಾರ್ದಿಕ ಅಭಿನಂದನೆಗಳು.' ಅದಕ್ಕೂ ಮುಂಚೆ ಒಂದು ಮದುವೆ ಮಾತುಕತೆಯಲ್ಲಿ 'ಹುಡುಗಗ ಖಾಯಂ ವೀಸಾ ಅದ' ಎಂಬ ಮಾತು ಕೇಳಿದ್ದೆ. ವಾಟ್ಸಾಪಿನಲ್ಲಂತೂ 'ಕೆನಡಾ ಗ್ರೀನ್ ಕಾರ್ಡ್' ವಾರಕ್ಕೊಮ್ಮೆ ಬರುತ್ತದೆ. ಮೂರೂ ಹೇಳಹೊರಟಿರುವುದು ಒಂದೇ ಸಂಗತಿ, ಮೂರೂ ತಪ್ಪು. ಆ ಹುಡುಗರಿಗೆ ಸಿಕ್ಕಿರುವುದು ಕಾಯಂ ನಿವಾಸಿ ಎಂಬ ಸ್ಥಾನ. ಅದು ಪೌರತ್ವವೂ ಅಲ್ಲ, ವೀಸಾವೂ ಅಲ್ಲ, ಕಾರ್ಡೂ ಅಲ್ಲ.

ಪೌರತ್ವದ ಮಾತು ಬೇಗ ಮುಗಿಯುತ್ತದೆ. ಫ್ಲೆಕ್ಸಿನಲ್ಲಿದ್ದ ಹುಡುಗನ ಕಿಸೆಯಲ್ಲಿ ಈಗಲೂ ಇರುವುದು ಭಾರತದ ಪಾಸ್‌ಪೋರ್ಟ್. ಕೆನಡಾದ ಪೌರತ್ವ ಬೇಕಾದರೆ, ಅರ್ಜಿ ಹಾಕುವ ಮುಂಚಿನ ಐದು ವರ್ಷಗಳಲ್ಲಿ 1,095 ದಿನ ಆ ನೆಲದಲ್ಲಿ ಇದ್ದಿರಬೇಕು. ಅದನ್ನು ಪಡೆದ ದಿನ, ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಇಷ್ಟು ದೊಡ್ಡ ಸಂಗತಿಯನ್ನು ಆಗದೇ ಇರುವಾಗ ಆಗಿದೆ ಎಂದು ರಸ್ತೆಗೆ ಕಟ್ಟಬಾರದು.

ಇನ್ನು 'ಕಾಯಂ'. ಈ ಪದ ನಮ್ಮ ಸೀಮೆಯಲ್ಲಿ ಓಡಾಡಿದಷ್ಟು ಬೇರೆಡೆ ಓಡಾಡಿರಲಿಕ್ಕಿಲ್ಲ. ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. ಕಚೇರಿಯ ಮಾತೆಲ್ಲ ಉರ್ದು. ಅರಬ್ಬಿಯ 'ಕಾಇಮ್' ಪಾರ್ಸಿ, ಉರ್ದು ದಾಟಿ ನಮ್ಮಲ್ಲಿಗೆ ಬಂದು ಕಾಯಂ ಆಯಿತು. ಮೂಲಾರ್ಥ 'ನಿಂತಿರುವ'. ಅದರ ಮೊದಲ ಅಕ್ಷರ ಅರಬ್ಬಿಯ ಕಾಫ್, ಗಂಟಲಾಳದಿಂದ ಹೊರಡುವ ಕ. ದಖನಿ ಉರ್ದು ಮಾತಾಡುವವರು ಅದನ್ನು ಖ ಎಂದೇ ನುಡಿಯುತ್ತಾರೆ, ಹಾಗಾಗಿ ನಮ್ಮ ಕಡೆಯವರ ಬಾಯಲ್ಲಿ 'ಖಾಯಂ' ಬಂದರೆ ಅದನ್ನು ಅಶುದ್ಧ ಎಂದು ತಿದ್ದುವ ಅಗತ್ಯವಿಲ್ಲ. ನಾನು ಕಾಯಂ ಎಂದು ಬರೆಯುತ್ತೇನೆ, ಅಷ್ಟೇ.

ಇದೇ ಬೇರಿನಿಂದ ಹುಟ್ಟಿದ ಪದಗಳು ನಮ್ಮ ಮನೆಯೊಳಗೇ ಇವೆ. 'ಮೊಕ್ಕಾಂ' ಅಂದರೆ ನಿಲ್ಲುವ ಜಾಗ. 'ಕಿಮ್ಮತ್ತು' ಅಂದರೆ ಒಂದು ವಸ್ತು ಎಷ್ಟಕ್ಕೆ ನಿಲ್ಲುತ್ತದೆ ಎಂಬುದು. ಸೌದಿಗೆ ಕೆಲಸಕ್ಕೆ ಹೋದವರು ಜೋಪಾನ ಮಾಡುವ 'ಇಕಾಮಾ', ಅಲ್ಲಿ ಇರಲು ಕೊಡುವ ಪರವಾನಗಿ, ಅದೂ ಇದೇ ಬಳ್ಳಿಯದು. ಬೇರು ಒಂದೇ ಆದರೂ ಬಾಳಿಕೆ ಬೇರೆ ಬೇರೆ. ಮೊಕ್ಕಾಂ ಹೂಡಿದವನು ನಾಳೆ ಗಂಟುಮೂಟೆ ಕಟ್ಟುತ್ತಾನೆ. ಇಕಾಮಾ ಧಣಿಯ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಊರಿಗೆ ಬಂದು ಮರಳಲು ಬೇರೆಯೇ ವೀಸಾ ಬೇಕು. ಕಾಯಂ ಆದವನು ಮಾತ್ರ ನಿಂತವನು. ಯಾರೂ ದಿನ ಎಣಿಸಿ ಹೊರಡು ಎನ್ನುವಂತಿಲ್ಲ.

ಶಕ್ತಿನಗರದ ಥರ್ಮಲ್ ಸ್ಥಾವರದಲ್ಲೋ ಹಟ್ಟಿ ಚಿನ್ನದ ಗಣಿಯಲ್ಲೋ ದುಡಿಯುವವರ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುತ್ತಿಗೆಯವನು ಕಾಯಂ ಆಗುವುದು ಆದೇಶ ಹೊರಟ ದಿನ. ಗುರುತಿನ ಚೀಟಿ ಆಮೇಲೆ ಕೈಗೆ ಬರುತ್ತದೆ. ಚೀಟಿ ಬರುವವರೆಗೂ ಅವನು ಕಾಯಂ ಅಲ್ಲ ಎಂದು ಯಾರೂ ಅನ್ನುವುದಿಲ್ಲ, ಆದರೆ ಗೇಟಿನಲ್ಲಿ ನಿಂತವನು ಕೇಳುವುದು ಚೀಟಿಯನ್ನೇ. ನಮ್ಮ ಭಾಗದವರಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಕೊಡಿಸುವ 371-ಜೆ ಪ್ರಮಾಣಪತ್ರದ ಕತೆಯೂ ಅದೇ: ಇಲ್ಲೇ ಹುಟ್ಟಿ ಬೆಳೆದದ್ದು ಎಷ್ಟೇ ನಿಜವಾಗಿರಲಿ, ಸೀಟು ಹಂಚುವ ಮೇಜಿನ ಮುಂದೆ ಕಾಗದ ಬೇಕು.

ಸ್ಥಾನ, ಕಾರ್ಡ್ ಈ ಎರಡನ್ನೂ 'ಪಿಆರ್ (ಪರ್ಮನೆಂಟ್ ರೆಸಿಡೆಂಟ್, ಅಂದರೆ ಕಾಯಂ ನಿವಾಸಿ) ಬಂತು' ಎಂಬ ಒಂದೇ ಮಾತಿನಲ್ಲಿ ಹೇಳಿ ನಮ್ಮ ಮನೆಯಲ್ಲೇ ಪೆಟ್ಟು ತಿಂದೆವು. ಅಕ್ಕನ ಮಗ ಓದಲು ಕೆನಡಾಕ್ಕೆ ಹೋದವನು, ಅಲ್ಲೇ ಕೆಲಸ ಹಿಡಿದು ಕಾಯಂ ನಿವಾಸಿಯಾದ. ಐದು ವಾರಕ್ಕೆ ಅಜ್ಜಿ ತೀರಿಕೊಂಡಳು. 'ಪಿಆರ್ ಬಂದದಲ್ಲ, ಬಾ' ಎಂದೆವು, ಬಂದ. ಹದಿಮೂರು ದಿನದ ಕಾರ್ಯ ಮುಗಿಸಿ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋಗಿದ್ದೆ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುವಿಹಾಕಿದಳು, ಕಾರ್ಡ್ ಕೇಳಿದಳು. ಇವನು ಕಾಯಂ ನಿವಾಸ ದೃಢೀಕರಣದ ಕಾಗದ ಮುಂದಿಟ್ಟ. ಆಕೆ ಅದರ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, ಇದು ಪ್ರಯಾಣದ ದಾಖಲೆ ಅಲ್ಲ ಎಂದಳು. ಆಗ ಇವನು ಹಳೆಯ ವೀಸಾದ ಪುಟ ತೆರೆದ, ಅದರಲ್ಲಿ ಇನ್ನೂ ಒಂದೂವರೆ ವರ್ಷದ ಅವಧಿ ಉಳಿದಿತ್ತು. ಅದೂ ನಡೆಯಲಿಲ್ಲ. ಆ ವೀಸಾ ತಾತ್ಕಾಲಿಕವಾಗಿ ಇರುವವನದು, ಕಾಯಂ ಆದಮೇಲೆ ಅದನ್ನು ತೋರಿಸಿ ಮರಳುವಂತಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದ ಚೀಲ ತಕ್ಕಡಿಯ ಮೇಲಿಂದ ಇಳಿಯಿತು. 'ಮಾಮಾ, ನಾ ಪಿಆರ್ ಹೌದಲ್ಲ?' ಎಂದು ಮೂರು ಸಲ ಕೇಳಿದ. ಹೌದು, ಅದರಲ್ಲಿ ಅನುಮಾನವೇ ಇರಲಿಲ್ಲ.

ಅವನ ಸ್ಥಾನಕ್ಕೆ ಕೂದಲಷ್ಟೂ ಧಕ್ಕೆ ಆಗಿರಲಿಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದದ್ದು. ಕಾರ್ಡ್ ಇಲ್ಲದಿದ್ದರೂ, ಇದ್ದ ಕಾರ್ಡಿನ ಅವಧಿ ಮುಗಿದರೂ, ಕೆನಡಾದ ಕಾಯಂ ನಿವಾಸಿ ಕಾಯಂ ನಿವಾಸಿಯೇ. ಅವನಿಗಿರುವ ಷರತ್ತು ಬೇರೆ, ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಆದರೆ ವಿಮಾನ, ರೈಲು, ಬಸ್ಸು, ಹಡಗಿನವರು ಹತ್ತಿಸಿಕೊಳ್ಳಲು ಕಾರ್ಡ್ ನೋಡಲೇಬೇಕು. ಮೊದಲ ಕಾರ್ಡ್ ಕೆನಡಾದ ವಿಳಾಸಕ್ಕೇ ಅಂಚೆಯಲ್ಲಿ ಬರುತ್ತದೆ. ಹೊಸಬರು 180 ದಿನದೊಳಗೆ ವಿಳಾಸ ಕೊಡದಿದ್ದರೆ ಬೇರೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ಪಡೆಯಬೇಕು. ಹೊರಗೆ ಸಿಕ್ಕಿಕೊಂಡವರಿಗೆ ಇರುವ ದಾರಿ 'ಪರ್ಮನೆಂಟ್ ರೆಸಿಡೆಂಟ್ ಟ್ರಾವೆಲ್ ಡಾಕ್ಯುಮೆಂಟ್'. ಅದಕ್ಕೆ 50 ಕೆನಡಾ ಡಾಲರ್ ಕಟ್ಟಬೇಕು. ಕೆನಡಾದ ಒಳಗಿದ್ದಾಗ ಅರ್ಜಿ ಹಾಕುವಂತಿಲ್ಲ, ಹೊರಗಿನಿಂದಲೇ ಹಾಕಬೇಕು. ಊರಿಗೆ ಬರುವ ಮುಂಚೆಯೇ ಅದನ್ನು ಮಾಡಿಸಿಟ್ಟುಕೊಳ್ಳಿ ಎಂದು ಸಲಹೆ ಕೊಡುವವರು ದಯವಿಟ್ಟು ಇದನ್ನು ಗಮನಿಸಬೇಕು.

ಇದನ್ನೇ ಅಮೆರಿಕಕ್ಕೆ ಅನ್ವಯಿಸಿ ಹೇಳಬೇಡಿ. ಇಲ್ಲಿಂದ ವಲಸೆ ವೀಸಾ ಪಡೆದು ಹೋಗುವವರಿಗೆ, ಅಲ್ಲಿ ಇಳಿದಾಗ ಆ ವೀಸಾದ ಮೇಲೆ ಬೀಳುವ ಮೊಹರೇ ಒಂದು ವರ್ಷದ ಮಟ್ಟಿಗೆ ಗ್ರೀನ್ ಕಾರ್ಡಿನ ಕೆಲಸ ಮಾಡುತ್ತದೆ. ಹಾಗಾಗಿ 'ನಮ್ಮ ಹುಡುಗ ಕಾರ್ಡ್ ಇಲ್ಲದೆನೇ ಬಂದು ಹೋದ' ಎಂದು ಅಮೆರಿಕದವರ ಮನೆಯವರು ಹೇಳುವುದು ಸುಳ್ಳಲ್ಲ. ಅದನ್ನು ನಂಬಿ ಕೆನಡಾದವರು ಟಿಕೆಟ್ ತೆಗೆದರೆ ಕೆಡುತ್ತಾರೆ. ಗ್ರೀನ್ ಕಾರ್ಡ್ ಎಂಬ ಹೆಸರು ಅಮೆರಿಕದ ಕಾರ್ಡಿಗೆ ಮಾತ್ರ ಸಲ್ಲುತ್ತದೆ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಆಸ್ಟ್ರೇಲಿಯಾದಲ್ಲಿ ಕಾರ್ಡೇ ಇಲ್ಲ, ಕಾಯಂ ವಾಸ ಅಲ್ಲಿ ನಿಜಕ್ಕೂ ಒಂದು ವೀಸಾ. 'ಖಾಯಂ ವೀಸಾ' ಎಂಬ ಮಾತು ಅಲ್ಲಿಯವರಿಗೆ ಒಪ್ಪುತ್ತದೆ.

ನಮ್ಮವನಿಗೆ ಕೊನೆಗೆ ಆ ಟ್ರಾವೆಲ್ ಡಾಕ್ಯುಮೆಂಟ್ ಸಿಕ್ಕಿತು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ಅದನ್ನು ನೋಡಿ ಅಕ್ಕ ಓಣಿಗೆಲ್ಲ 'ವೀಸಾ ಬಂತು' ಎಂದು ಪೇಢಾ ಹಂಚಿದಳು. ಆ ಹೊತ್ತಿನಲ್ಲಿ ತಿದ್ದಲು ನನಗೆ ಮನಸ್ಸಾಗಲಿಲ್ಲ. ಅವನು ಹೋಗಿ ಮುಟ್ಟಿದ ಮೂರನೇ ದಿನ ಕಾರ್ಡ್ ಅಂಚೆಯಲ್ಲಿ ಬಂತು.