‘ಸಿನ್ಸಿಯರ್’ ಪದದೊಳಗೆ ಮೇಣ ಇದೆಯಾ?

ಪ್ರಶ್ನೆ: ಇಂಗ್ಲಿಷಿನ ‘ಸಿನ್ಸಿಯರ್’ ಹುಟ್ಟಿದ್ದು ‘ಮೇಣವಿಲ್ಲ’ ಎನ್ನುವ ಲ್ಯಾಟಿನ್ ಮಾತಿನಿಂದಲಂತೆ, ನಿಜವಾ?

ಉತ್ತರ: ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಬರುತ್ತಲೇ ಇದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಕಥೆ ನಿಮಗೆ ಗೊತ್ತೇ ಇದೆ. ರೋಮಿನ ಶಿಲ್ಪಿಗಳು ಅಮೃತಶಿಲೆಯ ಬಿರುಕಿಗೆ ಮೇಣ ಮೆತ್ತಿ ಮಾರುತ್ತಿದ್ದರಂತೆ, ನಿಯತ್ತಿನವರು ಮಾತ್ರ ‘ಸಿನೆ ಕೇರಾ’, ಅಂದರೆ ಮೇಣವಿಲ್ಲ, ಅಂತ ಬರೆದಿಡುತ್ತಿದ್ದರಂತೆ. ಇನ್ನೊಬ್ಬರು ಹೇಳುವಾಗ ಶಿಲ್ಪಿ ಹೋಗಿ ಕುಂಬಾರ ಬರುತ್ತಾನೆ. ಮತ್ತೊಬ್ಬರ ಬಾಯಲ್ಲಿ ಅದೇ ಮೇಣ ಸೋಸಿದ ಜೇನುತುಪ್ಪ ಆಗುತ್ತದೆ. ಪದ ಮುಂದಿಟ್ಟುಕೊಂಡು ಕಥೆ ಹೊಸೆದರೆ ಹೀಗೇ ಆಗುವುದು.

ಸದ್ದು ಹೊಂದುತ್ತದೆ, ಒಪ್ಪಿದೆ. ಆದರೆ ಹಳೇ ಲ್ಯಾಟಿನ್ ‘ಇಲ್ಲದ’ ಎಂಬ ಅರ್ಥದ ಗುಣವಾಚಕ ಕಟ್ಟುವಾಗ ಸಾಮಾನ್ಯವಾಗಿ ‘ಸಿನೆ’ ಅಂಟಿಸುತ್ತಿರಲಿಲ್ಲ. ಚಿಂತೆಗೆ ‘ಕೂರಾ’, ಚಿಂತೆ ಇಲ್ಲದವನು ‘ಸೇಕೂರುಸ್’. ಅಲ್ಲಿರುವುದು ‘ಸೇ’, ‘ಸಿನೆ’ ಅಲ್ಲ.

ಇನ್ನು ಬಳಕೆ ನೋಡಿ. ‘ಸಿನ್ಸಿಯರ್’ ಬಂದದ್ದು ಲ್ಯಾಟಿನ್ನಿನ ‘ಸಿಂಕೇರುಸ್’ ಪದದಿಂದ. ಪಾತ್ರೆ ‘ಸಿಂಕೇರುಸ್’ ಆಗಿರದಿದ್ದರೆ ಅದಕ್ಕೆ ಏನು ಸುರಿದರೂ ಹುಳಿಯಾಗುತ್ತದೆ ಅಂತ ರೋಮನ್ ಕವಿ ಹೊರೇಸ್ ಬರೆದ. ಸೋರುತ್ತದೆ ಅನ್ನಲಿಲ್ಲ, ಹುಳಿಯಾಗುತ್ತದೆ ಅಂದ! ಅವನ ತಲೆಯಲ್ಲಿ ಇದ್ದದ್ದು ಕೊಳೆ, ಬಿರುಕಲ್ಲ. ಸಿಂಕೇರುಸ್ ಅಂದರೆ ಶುದ್ಧ, ಬೆರಕೆಯಿಲ್ಲದ್ದು, ಅಷ್ಟೇ. ಇಂಗ್ಲಿಷಿಗೆ ಬಂದ ಮೇಲೂ ಆ ಅರ್ಥ ಉಳಿದಿತ್ತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ‘ಸಿನ್ಸಿಯರ್ ಹಾಲು’ ಅಂತ ಇದೆ. ಹಾಲಿಗೆ ಪ್ರಾಮಾಣಿಕತೆ ಎಲ್ಲಿಂದ ಬರಬೇಕು? ಅದು ಕಲಬೆರಕೆ ಇಲ್ಲದ ಹಾಲು.

ಹಾಗಾದರೆ ಬೇರು ಯಾವುದು? ಹೆಚ್ಚಿನ ವಿದ್ವಾಂಸರು ಒಪ್ಪುವುದು ಇದು: ಮೊದಲ ಭಾಗಕ್ಕೆ ‘ಒಂದು’ ಎಂಬ ಅರ್ಥ. ‘ಸಿಂಪಲ್’, ‘ಸಿಂಗಲ್’ ಪದಗಳಲ್ಲೂ ಅದೇ ಇದೆ. ಎರಡನೆಯದು ‘ಬೆಳೆ’ ಎಂಬ ಧಾತು, ಎತ್ತರದವನಿಗೆ ಲ್ಯಾಟಿನ್ನಿನಲ್ಲಿ ‘ಪ್ರೋಕೇರುಸ್’ ಅನ್ನುವಾಗ ಬರುವುದೂ ಅದೇ. ಒಟ್ಟಿನಲ್ಲಿ ಬೇರೇನೂ ಸೇರದೆ ಒಂದಾಗಿಯೇ ಬೆಳೆದದ್ದು. ಮೇಣದ ಕಥೆಗಿಂತ ಇದೇ ಚೆನ್ನಾಗಿದೆ ಅಲ್ವಾ? ಧಾನ್ಯದ ದೇವತೆ ಕೇರೆಸ್, ಅವಳಿಂದ ಬಂದ ‘ಸೀರಿಯಲ್’ ಕೂಡ ಇದೇ ಬಳಗ.

‘ಸೇಕೂರುಸ್’ ಮಾತು ಬಂದಿದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ, ಇದನ್ನು ಯಾರೂ ಕೇಳುವುದೇ ಇಲ್ಲ. ‘ಸೆಕ್ಯೂರ್’ ಮತ್ತು ‘ಶ್ಯೂರ್’ ಎರಡೂ ಹುಟ್ಟಿದ್ದು ಅದರಿಂದಲೇ. ‘ಶ್ಯೂರ್’ ಫ್ರೆಂಚರ ಬಾಯಲ್ಲಿ ಸವೆದು ಸಣ್ಣದಾಗಿ ಇಂಗ್ಲಿಷಿಗೆ ಬಂತು. ‘ಸೆಕ್ಯೂರ್’ ಅನ್ನು ಆಮೇಲೆ, 16ನೇ ಶತಮಾನದಲ್ಲಿ, ಓದುಬರಹ ಬಲ್ಲವರು ಲ್ಯಾಟಿನ್ನಿನಿಂದ ನೇರವಾಗಿ ಎತ್ತಿಕೊಂಡರು. ‘ಕ್ಯೂರಿಯಸ್’ ಕೂಡ ಆ ‘ಕೂರಾ’ದ್ದೇ.